‘ಬಾಗಿಲು ಹಾಕಿತ್ತು’ ಎಂಬ ಷರಾ: ಸರಕು ಸಾಗಣೆಯ ಹೊಣೆ ನಡೆದು ಬಂದ ದಾರಿ

ಮಾರುವವನೊಬ್ಬ, ಕೊಳ್ಳುವವನೊಬ್ಬ, ವ್ಯಾಪಾರವೆಂದರೆ ಈ ಇಬ್ಬರ ನಡುವಿನ ವ್ಯವಹಾರವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಊರಿನ ಎಲ್ಲೆ ದಾಟಿದ ಯಾವ ವ್ಯಾಪಾರದಲ್ಲಿಯೂ ಮೂರನೆಯವನೊಬ್ಬ ಇದ್ದೇ ಇರುತ್ತಾನೆ. ಅವನು ಸರಕನ್ನು ಮಾರಿದವನೂ ಅಲ್ಲ, ಕೊಂಡವನೂ ಅಲ್ಲ. ಕೇವಲ ಹೊತ್ತು ತಲುಪಿಸುವವನು. ಲಾಭದ ಲೆಕ್ಕದಲ್ಲಿ ಅವನ ಪಾಲು ಅಲ್ಪ. ನಂಬಿಕೆಯ ಲೆಕ್ಕದಲ್ಲಿ ಮಾತ್ರ ಬಹುಪಾಲು ಅವನದೇ.

ಇಂದು ಇಳಕಲ್ಲಿನ ನೇಕಾರನೊಬ್ಬ ಮೊಬೈಲಿನಲ್ಲಿ ಬಂದ ಬೇಡಿಕೆಯಂತೆ ದೆಹಲಿಗೆ ಸೀರೆ ಕಳುಹಿಸುತ್ತಾನೆ. ಮನೆಯಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡುವ ಗೃಹಿಣಿ ಪುಣೆಗೋ ಹೈದರಾಬಾದಿಗೋ ಡಬ್ಬಿ ಕಟ್ಟಿ ಕಳುಹಿಸುತ್ತಾಳೆ. ಹದಿನೈದು ಇಪ್ಪತ್ತು ದಿನಗಳ ತರುವಾಯ ಆ ಕಟ್ಟು ಮೂಲೆ ಜಜ್ಜಿಕೊಂಡು ಮರಳಿ ಮನೆಗೆ ಬರುತ್ತದೆ. ಮೇಲೆ ಒಂದು ಷರಾ: ‘ಗ್ರಾಹಕರು ಮನೆಯಲ್ಲಿರಲಿಲ್ಲ.’ ಗ್ರಾಹಕನನ್ನು ವಿಚಾರಿಸಿದರೆ ಆತ, ದಿನವಿಡೀ ಮನೆಯಲ್ಲಿಯೇ ಇದ್ದೆ, ಯಾರೂ ಬರಲಿಲ್ಲ, ದೂರವಾಣಿ ಕರೆಯೂ ಬರಲಿಲ್ಲ ಎನ್ನುತ್ತಾನೆ. ಹೋದ ಬಾಡಿಗೆ, ಬಂದ ಬಾಡಿಗೆ ಎರಡೂ ಮಾರಿದವರ ತಲೆಯ ಮೇಲೆ. ಹಾಗಾದರೆ ಸುಳ್ಳಾಡಿದವರು ಯಾರು? ನಷ್ಟವನ್ನು ಯಾರು ಹೊರತಕ್ಕದ್ದು? ಈ ಎರಡು ಪ್ರಶ್ನೆಗಳು ಕಂಪ್ಯೂಟರಿನೊಂದಿಗೆ ಹುಟ್ಟಿದವಲ್ಲ. ನಮ್ಮ ದೇಶದ ವ್ಯಾಪಾರದ ಕಡತಗಳಲ್ಲಿ, ಕಾಯ್ದೆಗಳಲ್ಲಿ, ಧರ್ಮಗ್ರಂಥಗಳ ವ್ಯಾಖ್ಯಾನಗಳಲ್ಲಿ ಇವು ಬಹುಕಾಲದಿಂದ ಚರ್ಚೆಯಾಗುತ್ತ ಬಂದಿವೆ.

ಪ್ರಾಚೀನ ಕಾಲದಲ್ಲಿ ಸರಕು ಮತ್ತು ಒಡೆಯ ಬೇರ್ಪಡುವುದು ಅಪರೂಪವಾಗಿತ್ತು. ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕಸಂಘ ಕರ್ಣಾಟಕದಿಂದ ತಮಿಳುನಾಡಿನವರೆಗೂ, ಕಡಲಾಚೆಗೂ ವ್ಯಾಪಾರ ನಡೆಸಿತು. ಅವರ ಶಾಸನಗಳಲ್ಲಿ ವೀರಬಣಂಜು ಧರ್ಮವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ‘ವೀರ’ ಎಂಬ ವಿಶೇಷಣ ಅಲಂಕಾರಕ್ಕಾಗಿ ಬಂದುದಲ್ಲ. ಸರಕಿನೊಡನೆ ಕಾವಲನ್ನೂ ಒಯ್ಯಬೇಕಾಗಿದ್ದ ಕಾಲವದು. ಹದಿನೇಳನೆಯ ಶತಮಾನದ ಜೈನ ವರ್ತಕ ಹಾಗೂ ಕವಿ ಬನಾರಸೀದಾಸರು 1641ರಲ್ಲಿ ಬರೆದ ‘ಅರ್ಧಕಥಾನಕ’ವೆಂಬ ಆತ್ಮಕಥೆಯಲ್ಲಿಯೂ ತಂದೆ ಕೊಟ್ಟ ಸರಕನ್ನು ತಾವೇ ಜೌನಪುರದಿಂದ ಆಗ್ರಾಕ್ಕೆ ಒಯ್ದು ಮಾರಿದ ಪ್ರಸಂಗ ಇದೆ. ಆ ವ್ಯಾಪಾರದಲ್ಲಿ ಅವರಿಗೆ ನಷ್ಟವೇ ಆಯಿತು. ಆದರೆ ದಾರಿಯಲ್ಲಿ ಕಳೆದುದಕ್ಕೆ ಮತ್ತೊಬ್ಬನನ್ನು ಕೇಳುವ ಪ್ರಶ್ನೆ ಅಲ್ಲಿ ಏಳುವುದಿಲ್ಲ. ತಾನು ಒಯ್ದದ್ದು, ತಾನು ಕಳೆದದ್ದು.

ಪ್ರಶ್ನೆ ಏಳುವುದು ಸರಕನ್ನು ಇನ್ನೊಬ್ಬನ ಕೈಗೆ ಕೊಟ್ಟಾಗ. ಇದಕ್ಕೆ ಪಶ್ಚಿಮ ಕರಾವಳಿಯ ವರ್ತಕರು ಕಂಡುಕೊಂಡ ಉಪಾಯ ಜೋಖಮಿ ಹುಂಡಿ. ಸಾಧಾರಣ ಹುಂಡಿಯಾದರೆ ಬರೆದ ಹಣವನ್ನು ಕೊಡಲೇಬೇಕು. ಜೋಖಮಿ ಹುಂಡಿಯಲ್ಲಿ ಹಾಗಲ್ಲ: ಹಡಗಿಗೆ ಹೇರಿದ ಸರಕು ಸುರಕ್ಷಿತವಾಗಿ ರೇವು ಮುಟ್ಟಿದರೆ ಮಾತ್ರ ಹಣ ಸಲ್ಲುತ್ತದೆ, ಮುಳುಗಿದರೆ ಹುಂಡಿಯೂ ಮುಳುಗಿದಂತೆ. ಹುಂಡಿಯನ್ನು ಮುಂಗಡವಾಗಿ ಕೊಂಡವನು ಆ ಅಪಾಯಕ್ಕೆ ತಕ್ಕ ವಟ್ಟ ಹಿಡಿದುಕೊಂಡೇ ಹಣ ಕೊಟ್ಟಿರುತ್ತಿದ್ದನು. ಹೀಗೆ ಒಂದೇ ಕಾಗದದಲ್ಲಿ ಸಾಲ, ಹಣದ ವರ್ಗಾವಣೆ, ವಿಮೆ ಮೂರೂ ಅಡಗಿದ್ದವು. ಜೋಖಮು ಯಾರದೆಂಬುದನ್ನು ಸರಕು ಹೊರಡುವ ಮೊದಲೇ, ಅದಕ್ಕೆ ಬೆಲೆ ಕಟ್ಟಿ, ಎಲ್ಲರಿಗೂ ತಿಳಿಯುವಂತೆ ಬರೆದಿಡುತ್ತಿದ್ದರು ಎಂಬುದು ಇಲ್ಲಿ ಗಮನಾರ್ಹ. ಮುಂದೆ ಬರುವ ಕಥೆಯಲ್ಲಿ ಈ ಸ್ಪಷ್ಟತೆಯೇ ಕ್ರಮೇಣ ಕಣ್ಮರೆಯಾಗುತ್ತದೆ.

ಪರರ ವಸ್ತುವನ್ನು ಕೈಯಲ್ಲಿ ಹಿಡಿದವನ ಧರ್ಮವೇನೆಂಬುದನ್ನು ಶ್ರಾವಕಾಚಾರವು ಸೂಕ್ಷ್ಮವಾಗಿ ವಿಚಾರ ಮಾಡಿದೆ. ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ; ಅವುಗಳಲ್ಲಿ ನ್ಯಾಸಾಪಹಾರ ಒಂದು, ಕೂಟಲೇಖಕ್ರಿಯೆ ಇನ್ನೊಂದು. ನ್ಯಾಸವೆಂದರೆ ನಂಬಿ ಇಟ್ಟ ವಸ್ತು. ಅದನ್ನು ಅಪಹರಿಸುವುದು ಅಚೌರ್ಯವ್ರತದ ಕೆಳಗೆ ಬರಬೇಕಲ್ಲವೇ, ಸತ್ಯವ್ರತದ ಕೆಳಗೆ ಏಕೆ ಬಂದಿತೆಂದು ಯಾರಿಗಾದರೂ ಸಂದೇಹ ಬರಬಹುದು. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆಯನ್ನು ನೋಡಿದರೆ ಸಂದೇಹ ನಿವಾರಣೆಯಾಗುತ್ತದೆ. ಇಟ್ಟವನು ತಾನಿಟ್ಟ ಸಂಖ್ಯೆಯನ್ನು ಮರೆತು ಕಡಿಮೆ ಕೇಳುತ್ತಾನೆ. ಇಟ್ಟುಕೊಂಡವನು ತಿಳಿದೂ ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುತ್ತಾನೆ. ಕೈ ಏನೂ ಕದಿಯಲಿಲ್ಲ. ಬಾಯಿ ಮಾತ್ರ ಒಂದು ಮಾತನ್ನಾಡಿತು. ಆದ್ದರಿಂದಲೇ ಅದು ಸತ್ಯವ್ರತದ ದೋಷ. ಕೂಟಲೇಖಕ್ರಿಯೆಯ ವಿವರಣೆಯಂತೂ ಇಂದಿನ ಕೊರಿಯರ್ ಕಚೇರಿಯನ್ನು ಕಂಡು ಬರೆದಂತಿದೆ. ಒಬ್ಬನು ಹೇಳದೆ ಇದ್ದುದನ್ನು, ಮಾಡದೆ ಇದ್ದುದನ್ನು, ‘ಅವನು ಹೀಗೆ ಹೇಳಿದನು, ಹೀಗೆ ಮಾಡಿದನು’ ಎಂದು ಮತ್ತೊಬ್ಬರ ಪ್ರೇರಣೆಗೆ ಸಿಕ್ಕಿ, ವಂಚನೆಯ ನಿಮಿತ್ತ ಬರೆಯುವುದೇ ಕೂಟಲೇಖವೆಂಬುದು ಅದರ ತಾತ್ಪರ್ಯ. ಮತ್ತೊಬ್ಬರ ಪ್ರೇರಣೆ ಎಂಬ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಅದರ ಪ್ರಸ್ತಾಪ ಮುಂದೆ ಬರಲಿದೆ.

ಬ್ರಿಟಿಷರ ಕಾಲದಲ್ಲಿ ಬಾಡಿಗೆಗೆ ಸಾಗಿಸುವವರು ಹೆಚ್ಚಿದಂತೆ ಅವರ ಹೊಣೆಯನ್ನು ಕಾಯ್ದೆಯಿಂದ ನಿಗದಿ ಮಾಡಬೇಕಾಯಿತು. ಹಾಗೆ ಬಂದುದು 1865ರ ಕ್ಯಾರಿಯರ್ಸ್ ಕಾಯ್ದೆ. ಬಾಡಿಗೆ ಕೊಟ್ಟ ಯಾರ ಸರಕನ್ನಾದರೂ ಒಯ್ಯುವ ಸಾರ್ವಜನಿಕ ಸಾಗಣೆದಾರನು ಸರಕು ಕಳೆದರೆ ಉತ್ತರ ಕೊಡಬೇಕು. ಅವನ ಅಜಾಗ್ರತೆಯನ್ನು ಸಾಬೀತುಪಡಿಸುವ ಭಾರ ಸರಕಿನ ಒಡೆಯನ ಮೇಲಿಲ್ಲ. ಈ ಒಂದು ವಾಕ್ಯದ ಮಹತ್ತ್ವವನ್ನು ಮೊಕದ್ದಮೆ ನಡೆಸಿದವರೇ ಬಲ್ಲರು. ಗುಂಟೂರಿನಲ್ಲಿ ಲಾರಿಯೊಳಗೆ ಏನು ನಡೆಯಿತೆಂಬುದನ್ನು ದಾವಣಗೆರೆಯ ಅಂಗಡಿಯವನು ಹೇಗೆ ರುಜುವಾತು ಮಾಡಬಲ್ಲನು? 1891ರಲ್ಲಿ ಐರಾವತಿ ನದಿಯ ಹಡಗು ಕಂಪನಿಗೂ ಭಗವಾನದಾಸರೆಂಬ ವರ್ತಕರಿಗೂ ನಡೆದ ವ್ಯಾಜ್ಯ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಸರಕು ಬೆಂಕಿಗೆ ಆಹುತಿಯಾಗಿತ್ತು. 1872ರ ಕರಾರು ಕಾಯ್ದೆಯಂತೆ, ಸಾಧಾರಣ ವಿವೇಕಿಯು ತನ್ನ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರ ವಹಿಸಿದರೆ ಸಾಕೆಂಬುದು ಕಂಪನಿಯ ವಾದ. ಸಾರ್ವಜನಿಕ ಸಾಗಣೆದಾರನ ಹೊಣೆ ಅದಕ್ಕಿಂತ ದೊಡ್ಡದು, ಆ ಕಾಯ್ದೆ ಅದನ್ನು ಕುಗ್ಗಿಸಿಲ್ಲವೆಂದು ತೀರ್ಪಾಯಿತು. ದೈವಿಕ ಆಪತ್ತು ಮತ್ತು ಶತ್ರುಸೈನ್ಯದ ಕೃತ್ಯ ಬಿಟ್ಟರೆ ಮಿಕ್ಕ ನಷ್ಟವೆಲ್ಲ ಹೊತ್ತವನದೇ.

ಆದರೆ ಅದೇ 1865ರ ಕಾಯ್ದೆಯಲ್ಲಿ ಒಂದು ಸಣ್ಣ ಬಾಗಿಲನ್ನೂ ತೆರೆದಿಡಲಾಗಿತ್ತು: ಒಡೆಯನು ಸಹಿ ಮಾಡಿದ ವಿಶೇಷ ಕರಾರಿನಿಂದ ಸಾಗಣೆದಾರನು ತನ್ನ ಹೊಣೆಯನ್ನು ಮಿತಿಗೊಳಿಸಿಕೊಳ್ಳಬಹುದು. ಈ ಬಾಗಿಲಿನಿಂದ ಮುಂದೆ ಆನೆಯೇ ಹೊರಟುಹೋಯಿತು.

ರೈಲ್ವೆಯ ವಿಷಯ ಸಂಕ್ಷೇಪವಾಗಿ ಹೇಳಿದರೆ ಸಾಕು. 1890ರ ಕಾಯ್ದೆ ರೈಲ್ವೆಯನ್ನು ಕೇವಲ ನಿಕ್ಷೇಪಧಾರಿಯಾಗಿ ಕಂಡಿತು. ಕಡಿಮೆ ಬಾಡಿಗೆಗೆ ‘ಮಾಲೀಕನ ಜೋಖಮು’ ಎಂದು ಬರೆಸಿಕೊಂಡು ಕಳುಹಿಸಿದ ಮೂಟೆಗಳು ಎಲ್ಲಿ ಹೋದವೋ ದೇವರೇ ಬಲ್ಲ. ಸ್ವಾತಂತ್ರ್ಯ ಬಂದ ಮೇಲೆ, 1961ರ ತಿದ್ದುಪಡಿಯಿಂದ, ರೈಲ್ವೆಯೂ ಸಾರ್ವಜನಿಕ ಸಾಗಣೆದಾರನ ಹೊಣೆಗೆ ಒಳಪಟ್ಟಿತು.

ಅಂಚೆಯ ಕಥೆ ಬೇರೆ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಸ್ಥಾಪಿಸಿದ ಅಂಚೆ ಇಲಾಖೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಹೆಸರು ಮಾತ್ರ ಕನ್ನಡಿಗರ ನಾಲಗೆಯ ಮೇಲೆ ಉಳಿಯಿತು. 1854ರಲ್ಲಿ ದೂರವೆಷ್ಟೇ ಇರಲಿ ಕಾಗದಕ್ಕೆ ಅರ್ಧ ಆಣೆ ಎಂಬ ಏಕರೂಪ ದರ ಬಂದಿತು. ಅಷ್ಟು ಅಗ್ಗದ ದರಕ್ಕೆ ನಷ್ಟದ ಹೊಣೆಯನ್ನೂ ಹೊರುವುದು ಅಸಾಧ್ಯವೆಂಬುದು ಸರ್ಕಾರದ ವಾದ. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 6ನೆಯ ಕಲಂ ಇದನ್ನು ಸ್ಪಷ್ಟವಾಗಿ ಹೇಳಿತು: ಕಳೆದರೂ, ತಡವಾದರೂ, ತಪ್ಪು ವಿಳಾಸಕ್ಕೆ ಹೋದರೂ, ಹಾಳಾದರೂ, ತಾನಾಗಿ ಒಪ್ಪಿಕೊಂಡಷ್ಟನ್ನು ಬಿಟ್ಟು ಸರ್ಕಾರಕ್ಕೆ ಹೊಣೆಯಿಲ್ಲ, ನೌಕರನು ಮೋಸದಿಂದಲೋ ಬುದ್ಧಿಪೂರ್ವಕವಾಗಿಯೋ ಮಾಡಿದ್ದರೆ ಮಾತ್ರ ಅವನು ಹೊಣೆ. ಹೊಣೆ ಬೇಕಾದವರು ವಿಮೆಯ ಶುಲ್ಕ ಕೊಟ್ಟು ಕಳುಹಿಸಬಹುದಿತ್ತು. ಇದರಲ್ಲಿ ಕಠೋರತೆ ಇದ್ದರೂ ಕಪಟವಿರಲಿಲ್ಲ. ಜೋಖಮಿ ಹುಂಡಿಯಂತೆ ಇಲ್ಲಿಯೂ ಜೋಖಮಿಗೆ ಪ್ರತ್ಯೇಕ ಬೆಲೆ ಇತ್ತು, ಅದು ಎಲ್ಲರಿಗೂ ತಿಳಿದಿತ್ತು.

ಇಂದಿನ ‘ಕ್ಯಾಶ್ ಆನ್ ಡೆಲಿವರಿ’ಯನ್ನು ಹೊಸ ಶೋಧವೆಂದು ತರುಣರು ತಿಳಿಯುವುದುಂಟು. ಭಾರತೀಯ ಅಂಚೆಯಲ್ಲಿ ವಿ.ಪಿ.ಪಿ. ಎಂದು ಪ್ರಸಿದ್ಧವಾದ ಪದ್ಧತಿ ಆರಂಭವಾದುದು 1877ರಲ್ಲಿ. ಅಮೆರಿಕದ ಅಂಚೆಯಲ್ಲಿ ಇಂತಹ ಸೌಕರ್ಯ ಬಂದುದು 1913ರಲ್ಲಿ. ಬ್ರಿಟನ್ನಿನ ಒಳಗೆ 1926ರಲ್ಲಿ. ಆಳುವವರ ದೇಶಕ್ಕಿಂತ ಆಳಿಸಿಕೊಂಡವರ ದೇಶದಲ್ಲಿ ಇದು ಅರ್ಧ ಶತಮಾನದಷ್ಟು ಮುಂಚೆ ಬಂದಿತೆಂಬುದು ಆಶ್ಚರ್ಯಕರವಾದರೂ ಕಾರಣ ಸರಳ. ಬ್ಯಾಂಕು ಕಾಣದ ಊರುಗಳು, ಪರಸ್ಪರ ಮುಖ ಕಾಣದ ವ್ಯಾಪಾರಿ ಮತ್ತು ಗಿರಾಕಿ. ಇಬ್ಬರೂ ನಂಬುವ ಒಬ್ಬನೇ ವ್ಯಕ್ತಿಯೆಂದರೆ ಅಂಚೆಯವನು. ಮಾರುವವನು ಕಟ್ಟನ್ನು ಅಂಚೆಗೆ ಒಪ್ಪಿಸಿ ಬರಬೇಕಾದ ಮೊತ್ತವನ್ನು ಬರೆಯುವನು. ಅಂಚೆಯವನು ಆ ಹಣ ಪಡೆದು ಕಟ್ಟನ್ನು ಕೊಡುವನು. ಹಣ ಮನಿಯಾರ್ಡರಿನಂತೆ ಮಾರಿದವನಿಗೆ ತಲುಪುವುದು. ಗಡಿಯಾರ, ಬೀಜ, ಔಷಧಿ, ಪುಸ್ತಕ ಹೀಗೆಯೇ ಹಳ್ಳಿಹಳ್ಳಿಗೆ ಹೋದವು. ಕನ್ನಡದ ಹಳೆಯ ಪುಸ್ತಕಗಳ ಹಿಂಬದಿಯಲ್ಲಿ ‘ವಿ.ಪಿ.ಪಿ. ಮೂಲಕ ಕಳುಹಿಸಲಾಗುವುದು, ಅಂಚೆ ವೆಚ್ಚ ಪ್ರತ್ಯೇಕ’ ಎಂಬಂತಹ ಒಕ್ಕಣೆಯನ್ನು ಕಾಣದವರು ವಿರಳ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಎಲ್ಲರೂ ಬಲ್ಲ ಸಂಗತಿ; ಅಷ್ಟು ಶಕ್ತಿ ಇಲ್ಲದ ಪ್ರಕಾಶಕರಿಗೆ ವಿ.ಪಿ.ಪಿ.ಯೇ ತಲೆಯಾಯಿತು.

ಈ ಪದ್ಧತಿಯ ರೋಗಗಳೂ ಅದರ ಜೊತೆಯಲ್ಲಿಯೇ ಹುಟ್ಟಿದವು. ತರಿಸಿಕೊಂಡವನು, ಕಟ್ಟು ಬಂದಾಗ ಕೈಯಲ್ಲಿ ಹಣವಿಲ್ಲವೆಂದೋ ಮನಸ್ಸು ಬದಲಾಯಿತೆಂದೋ ‘ಬೇಡ’ ಎಂದರೆ ಮುಗಿಯಿತು. ಮಾರಿದವನಿಗೆ ಅಂಚೆ ವೆಚ್ಚವೂ ಹೋಯಿತು, ಸರಕು ಹಳತಾಗಿ ಮರಳಿತು. ಇನ್ನೊಂದು ದಿಕ್ಕಿನಿಂದ, ಯಾರೂ ಕೇಳದಿದ್ದರೂ ಯಾರದೋ ಹೆಸರಿಗೆ ಕೆಲಸಕ್ಕೆ ಬಾರದ ವಸ್ತುವನ್ನು ತುಂಬಿ ಕಳುಹಿಸುವ ಧೂರ್ತರಿದ್ದರು. ಮನೆಯ ಯಜಮಾನನು ತರಿಸಿರಬಹುದೆಂದು ಮನೆಯವರು ಹಣ ತೆತ್ತು, ಬಿಚ್ಚಿ ನೋಡಿದರೆ ಕಸ. ಇದನ್ನು ತಡೆಯುವ ಸಲುವಾಗಿಯೇ 1898ರ ಕಾಯ್ದೆಯಲ್ಲಿ ಒಂದು ನಿಬಂಧನೆ ಇತ್ತು: ತನಗೆ ನಿಜವಾಗಿಯೂ ಬಂದ ಬೇಡಿಕೆಯಂತೆ ಈ ವಸ್ತುವನ್ನು ಕಳುಹಿಸುತ್ತಿದ್ದೇನೆಂದು ಕಳುಹಿಸುವವನು ಘೋಷಿಸದ ಹೊರತು ವಿ.ಪಿ. ವಸ್ತುವನ್ನು ಸ್ವೀಕರಿಸಕೂಡದೆಂದು ಸರ್ಕಾರವು ಆದೇಶಿಸಬಹುದು. ಅದೇ ಕಾಯ್ದೆಯು, ಮೋಸ ಕಂಡುಬಂದಲ್ಲಿ ವಸೂಲಾದ ಹಣವನ್ನು ತಡೆಹಿಡಿದು ಕೊಟ್ಟವನಿಗೇ ಹಿಂದಿರುಗಿಸುವ ನಿಯಮಗಳಿಗೆ ಅವಕಾಶ ಮಾಡಿತ್ತು. ನಡುವೆ ನಿಂತವನು ಎರಡೂ ಕಡೆಯವರಿಗೆ ಉತ್ತರದಾಯಿಯೆಂಬ ತಿಳಿವಳಿಕೆ ಈ ಎರಡು ನಿಬಂಧನೆಗಳ ಹಿಂದೆ ಇದೆ.

ಅಂಚೆಯವನ ಷರಾಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ‘ತೆಗೆದುಕೊಳ್ಳಲು ನಿರಾಕರಿಸಿದರು’, ‘ಊರಿನಲ್ಲಿಲ್ಲ’, ‘ಬಾಗಿಲು ಹಾಕಿದೆ’ ಎಂಬ ಎರಡು ಮೂರು ಪದಗಳ ಬರಹ, ಕೆಳಗೆ ಸಹಿ, ತಾರೀಖು. ಈ ಬರಹಕ್ಕೆ ನ್ಯಾಯಾಲಯಗಳು ಕೊಟ್ಟ ಗೌರವ ಸಾಮಾನ್ಯವಾದುದಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೆಯ ಕಲಮಿನಂತೆ ಸರಿಯಾದ ವಿಳಾಸ ಬರೆದು, ಶುಲ್ಕ ಕೊಟ್ಟು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದ ನೋಟೀಸು ತಲುಪಿದೆಯೆಂದೇ ಭಾವಿಸತಕ್ಕದ್ದು, ವಿರುದ್ಧವಾಗಿ ಸಾಬೀತಾಗುವವರೆಗೆ. 2007ರ ಅಲವಿ ಹಾಜಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ನಿರಾಕರಿಸಿದರು, ಮನೆಗೆ ಬೀಗ ಹಾಕಿದೆ, ಅಂಗಡಿ ಮುಚ್ಚಿದೆ ಎಂಬ ಷರಾದೊಡನೆ ಮರಳಿದ ನೋಟೀಸನ್ನೂ ಜಾರಿಯಾದಂತೆ ಭಾವಿಸಬೇಕೆಂಬ ಹಿಂದಿನ ತೀರ್ಪುಗಳನ್ನು ಎತ್ತಿಹಿಡಿಯಿತು. ಅಂದರೆ ಖಾಕಿ ತೊಟ್ಟ ಒಬ್ಬ ಸಾಮಾನ್ಯ ನೌಕರನು ಬಿಸಿಲಿನಲ್ಲಿ ನಿಂತು ಲಕೋಟೆಯ ಮೇಲೆ ಗೀಚಿದ ಎರಡು ಪದಗಳ ಆಧಾರದ ಮೇಲೆ ಒಬ್ಬ ಮನುಷ್ಯನ ಚೆಕ್ಕಿನ ಮೊಕದ್ದಮೆ ನಿಲ್ಲಬಹುದು, ಬೀಳಬಹುದು. ಎಲ್ಲ ಅಂಚೆಯವರೂ ಹರಿಶ್ಚಂದ್ರರೆಂದು ಇದರ ಅರ್ಥವಲ್ಲ. ಆ ಬರಹದ ಹಿಂದೆ ಒಂದು ಹೆಸರು, ಒಂದು ಬೀಟು, ಒಂದು ಕಚೇರಿ, ಸುಳ್ಳಾದರೆ ಹೋಗಬಹುದಾದ ಒಂದು ಕೆಲಸ ಇತ್ತು. ಬೀದಿಯವರೆಲ್ಲ ಅವನನ್ನು ಮುಖ ನೋಡಿ ಗುರುತಿಸುತ್ತಿದ್ದರು.

ಖಾಸಗಿ ಕೊರಿಯರುಗಳು 1980ರ ದಶಕದಲ್ಲಿ ತಲೆಯೆತ್ತಿದವು. ಬ್ಲೂ ಡಾರ್ಟ್ ಆರಂಭವಾದುದು 1983ರಲ್ಲಿ. ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಡಿ.ಟಿ.ಡಿ.ಸಿ. ಹೊರಟುದು 1990ರಲ್ಲಿ. ಅಂಚೆ ಇಲಾಖೆ ತಾನೂ 1986ರ ಆಗಸ್ಟ್ 1ರಂದು ಸ್ಪೀಡ್ ಪೋಸ್ಟ್ ಆರಂಭಿಸಿತು. ವೇಗ ಹೆಚ್ಚಿತು, ಸಂದೇಹವಿಲ್ಲ. ರಸೀದಿಯ ಹಿಂಬದಿಯಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದ ನಿಬಂಧನೆಗಳೂ ಹೆಚ್ಚಿದವು. ಅವುಗಳ ಬಲ ಎಷ್ಟೆಂಬುದು 1996ರಲ್ಲಿ ತಿಳಿದುಬಂದಿತು. ಭಾರತಿ ನಿಟ್ಟಿಂಗ್ ಕಂಪನಿಯು ಜರ್ಮನಿಯ ಗಿರಾಕಿಗೆ ಉಡುಪು ರಫ್ತು ಮಾಡಿ, ಅದರ ದಾಖಲೆಪತ್ರಗಳನ್ನು ಡಿ.ಎಚ್.ಎಲ್. ಕೊರಿಯರಿನಲ್ಲಿ ಕಳುಹಿಸಿತು. ಪತ್ರಗಳು ತಲುಪಲಿಲ್ಲ. ಬೇರೆ ಪ್ರತಿ ಕಳುಹಿಸುವಷ್ಟರಲ್ಲಿ ಋತು ಮುಗಿದು ಗಿರಾಕಿಯು ಪೂರ್ಣ ಬೆಲೆ ಕೊಡಲು ಒಪ್ಪಲಿಲ್ಲ. ರಸೀದಿಯಲ್ಲಿದ್ದಂತೆ ಕೊರಿಯರಿನ ಹೊಣೆ 100 ಅಮೆರಿಕನ್ ಡಾಲರು ಮಾತ್ರ. ಸಹಿ ಮಾಡಿದವನು ಆ ಷರತ್ತಿಗೆ ಬದ್ಧನೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 1865ರಲ್ಲಿ ತೆರೆದಿಟ್ಟ ಬಾಗಿಲು ಇದೇ. ಕಾನೂನಿನ ದೃಷ್ಟಿಯಲ್ಲಿ ತೀರ್ಪು ತಪ್ಪೆಂದು ಹೇಳಲಾಗದು. ಆದರೆ ಹುಂಡಿಯ ಜೋಖಮನ್ನು ಇಬ್ಬರೂ ಕೂತು ಅಳೆದು ಬರೆದರೆ, ಕೊರಿಯರಿನ ಷರತ್ತನ್ನು ಒಬ್ಬನೇ ಬರೆದು ಇನ್ನೊಬ್ಬನಿಂದ ಸಹಿ ಮಾತ್ರ ಪಡೆಯುತ್ತಾನೆ. ಎರಡನ್ನೂ ಕರಾರೆಂದೇ ಕರೆಯುವುದು ಭಾಷೆಯ ಬಡತನ.

ಇದಕ್ಕೆ ಪ್ರತಿಯಾಗಿ ಸೂರತ್ ಮುಂಬಯಿಗಳ ನಡುವಣ ಅಂಗಡಿಯಾ ಪದ್ಧತಿಯನ್ನು ನೆನೆಯಬಹುದು. ಅಂಗಡಿಯಾಗಳು ವಜ್ರದ ಪೊಟ್ಟಣ, ಆಭರಣ, ನಗದನ್ನು ಕೇವಲ ಚೀಟಿಯ ಮೇಲೆ ಸಾಗಿಸುತ್ತ ಬಂದವರು. ತೆರಿಗೆ ಅಧಿಕಾರಿಗಳ ಕಣ್ಣು ಅವರ ಮೇಲೆ ಬಿದ್ದುದೂ ಉಂಟು, ಆ ವಿಷಯವನ್ನು ಮರೆಮಾಚಬೇಕಾಗಿಲ್ಲ. ಆದರೂ ಲಿಖಿತ ಕರಾರಿಗಿಂತ ಹೆಸರೇ ದೊಡ್ಡ ಭದ್ರತೆಯಾದ ಒಂದು ವ್ಯವಸ್ಥೆ ವಜ್ರದಂತಹ ವ್ಯಾಪಾರವನ್ನೇ ಹೊತ್ತು ನಡೆಸಿತೆಂಬುದು ಸಣ್ಣ ಮಾತಲ್ಲ. ಅಲ್ಲಿ ಹೊತ್ತವನಿಗೂ ಕೊಟ್ಟವನಿಗೂ ಮುಖಪರಿಚಯವಿತ್ತು. ದೇಶದ ಪ್ರತಿಯೊಂದು ಪಿನ್‌ಕೋಡಿಗೂ ತಲುಪಬೇಕಾದ ವ್ಯಾಪಾರದಲ್ಲಿ ಅಂತಹ ಪರಿಚಯವನ್ನು ನಿರೀಕ್ಷಿಸುವಂತಿಲ್ಲ.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ ವಸ್ತು ಕೈಸೇರಿದ ಮೇಲೆ ಹಣ ಪಡೆಯುವ ಪದ್ಧತಿಯನ್ನು ತಂದಿತು. ವಿ.ಪಿ.ಪಿ.ಯ ಆತ್ಮ ಹೊಸ ದೇಹವನ್ನು ಪಡೆಯಿತೆನ್ನಬಹುದು. ಕಾರ್ಡಿನ ಬಗ್ಗೆ ಅಂಜುತ್ತಿದ್ದ ಜನರು ಧೈರ್ಯ ತಾಳಿದರು, ವ್ಯಾಪಾರ ಹಬ್ಬಿತು. ಹಳೆಯ ಎರಡು ರೋಗಗಳೂ ಮರಳಿದವು. ಬೇಡವೆಂದು ಹಿಂದಿರುಗಿಸುವ ಗಿರಾಕಿ, ಕೇಳದೆಯೇ ಬರುವ ಕಸದ ಪೊಟ್ಟಣ ಇಂದಿಗೂ ಇವೆ. ಆರ್.ಟಿ.ಒ. ಎಂದರೆ ಸಾಮಾನ್ಯರಿಗೆ ವಾಹನದ ಲೈಸೆನ್ಸ್ ಕೊಡುವ ಕಚೇರಿ; ಆನ್‌ಲೈನ್ ಮಾರಾಟಗಾರನಿಗೆ ಅದು ಹೊರಟಲ್ಲಿಗೇ ಮರಳಿದ ಕಟ್ಟಿನ ಹೆಸರು, ಕೇಳಿದೊಡನೆ ಎದೆ ಧಸಕ್ಕೆನ್ನುವ ಹೆಸರು. ನಾಲ್ಕುನೂರು ರೂಪಾಯಿಯ ಸರಕಿನಲ್ಲಿ ಐವತ್ತು ರೂಪಾಯಿ ಲಾಭ ನೋಡುವವನಿಗೆ, ಹೋಗಿಬರುವ ಬಾಡಿಗೆ ನೂರಿಪ್ಪತ್ತು ಎಂದಿಟ್ಟುಕೊಂಡರೆ, ಒಂದು ಕಟ್ಟು ಮರಳಿದರೆ ಎರಡು ಕಟ್ಟುಗಳ ಲಾಭ ಪೂರ್ಣವಾಗಿ ಹೋಗಿ ಮೂರನೆಯದರಲ್ಲಿಯೂ ಕೈಬಿಡುತ್ತದೆ. ದೊಡ್ಡ ಮಾರಾಟಗಾರನು ಈ ನಷ್ಟವನ್ನು ಸಾವಿರ ಕಟ್ಟುಗಳ ಮೇಲೆ ಹರಡುತ್ತಾನೆ. ಹಪ್ಪಳದ ಗೃಹಿಣಿಗೆ ಹರಡಲು ಜಾಗವಿಲ್ಲ.

ಮೂರನೆಯ ರೋಗ ಮಾತ್ರ ಹೆಚ್ಚಾಗಿ ಈ ಕಾಲದ್ದು. ಅದೇ ಸುಳ್ಳು ಷರಾ. ಬಾರದೆಯೇ ‘ಬಂದಿದ್ದೆ’ ಎಂದು, ಕರೆಯದೆಯೇ ‘ಕರೆ ಸ್ವೀಕರಿಸಲಿಲ್ಲ’ ಎಂದು, ಕೇಳದೆಯೇ ‘ಬೇರೆ ದಿನ ತರಲು ಹೇಳಿದರು’ ಎಂದು ಮೊಬೈಲಿನಲ್ಲಿ ಒಂದು ಗುಂಡಿ ಒತ್ತುವುದು. ಗಿರಾಕಿ ಮಾಡದ ಕಾರ್ಯವನ್ನು ಅವನು ಮಾಡಿದನೆಂದು ಬರೆಯುವ ಈ ಕ್ರಿಯೆ ಕೂಟಲೇಖವಲ್ಲದೆ ಮತ್ತೇನು? ಹಾಗೆಂದು ಎಲ್ಲ ಪಾಪವನ್ನೂ ಬಾಗಿಲಿಗೆ ಬರುವ ಹುಡುಗನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅವನಿಗೆ ಅನೇಕ ಕಡೆ ಸಂಬಳವಿಲ್ಲ. ತಲುಪಿಸಿದ ಕಟ್ಟಿಗೆ ಇಷ್ಟು ಎಂದು ಹಣ. ಚೀಲದಲ್ಲಿ ಸಂಜೆಯೊಳಗೆ ಮುಗಿಯಲಾರದಷ್ಟು ಕಟ್ಟು. ಮುಗಿಯದಿದ್ದುದನ್ನು ಮುಗಿಯಲಿಲ್ಲವೆಂದು ಬರೆದರೆ ಕೇಂದ್ರದ ಮೇಲ್ವಿಚಾರಕನಿಗೆ ಕೆಟ್ಟ ಹೆಸರು. ಗಿರಾಕಿ ಸಿಗಲಿಲ್ಲವೆಂದು ಬರೆದರೆ ಯಾರಿಗೂ ಕೆಟ್ಟ ಹೆಸರಿಲ್ಲ. ನಿಜವನ್ನು ಬರೆಯಲು ಯಂತ್ರದ ಪಟ್ಟಿಯಲ್ಲಿ ಒಂದು ಗುಂಡಿಯೇ ಇಲ್ಲದಿದ್ದರೆ ಅವನು ಒತ್ತುವುದು ಯಾವುದನ್ನು? ಆಚಾರ್ಯರು ಹೇಳಿದ ‘ಮತ್ತೊಬ್ಬರ ಪ್ರೇರಣೆ’ ಇಲ್ಲಿ ಕಾಣುತ್ತದೆ. ಬರೆದ ಕೈ ಒಂದು, ಬರೆಸಿದ ಲೆಕ್ಕಪತ್ರ ಇನ್ನೊಂದು. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿಯೂ ದೋಷವನ್ನು ಕಾಣುವ ಸಂಪ್ರದಾಯದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂತಹ ಕೆಲಸಗಾರರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ಮಾಡಿತು. ಷರಾ ಬರೆಯುವವನ ಹೊಟ್ಟೆಯ ಪ್ರಶ್ನೆಗೂ ಷರಾದ ಸತ್ಯಕ್ಕೂ ಇರುವ ಸಂಬಂಧವನ್ನು ಆ ದೃಷ್ಟಿಯಿಂದಲೂ ನೋಡಬೇಕು.

ವಿಳಾಸದ ತೊಡಕೂ ಕಡಿಮೆಯದಲ್ಲ. 1972ರ ಆಗಸ್ಟ್ 15ರಂದು ಆರು ಅಂಕೆಗಳ ಪಿನ್‌ಕೋಡ್ ಜಾರಿಗೆ ಬಂದಿತು. ಅದರ ಕರ್ತೃ ಶ್ರೀರಾಮ ಭಿಕಾಜಿ ವೇಲಣಕರರು ಸಂಪರ್ಕ ಸಚಿವಾಲಯದ ಅಧಿಕಾರಿ, ಸಂಸ್ಕೃತ ಕವಿಯೂ ಹೌದು. ಒಂದೇ ಹೆಸರಿನ ಹತ್ತಾರು ಊರುಗಳು, ಹಲವು ಲಿಪಿಗಳ ಬರಹ. ಇವುಗಳ ನಡುವೆ ಅಂಕೆಯೊಂದೇ ಸಮಾನ ಭಾಷೆಯೆಂದು ಅವರಿಗೆ ಹೊಳೆದುದು ಸಹಜವೇ. ಆದರೆ ಪಿನ್‌ಕೋಡ್ ಅಂಚೆ ಕಚೇರಿಯವರೆಗೆ ಮಾತ್ರ ಕರೆದೊಯ್ಯುತ್ತದೆ. ಮನೆಬಾಗಿಲಿಗೆ ಒಯ್ಯುತ್ತಿದ್ದುದು ಅಂಚೆಯವನ ನೆನಪು. ‘ಬಸದಿಯ ಹಿಂದಿನ ಓಣಿ, ಬಾವಿಯ ಪಕ್ಕದ ಮನೆ’ ಎಂದರೆ ಅವನಿಗೆ ಸಾಕಿತ್ತು. ತಿಂಗಳಿಗೊಬ್ಬರಂತೆ ಬದಲಾಗುವ ಹೊಸಬರಿಗೆ ಸಾಲದು. ಅಂಚೆ ಇಲಾಖೆಯು 2025ರ ಮೇ ತಿಂಗಳಲ್ಲಿ ಪ್ರಕಟಿಸಿದ ಡಿಜಿಪಿನ್ ಎಂಬ ಹತ್ತು ಅಕ್ಷರಾಂಕೆಗಳ ಸಂಕೇತವು ದೇಶದ ನೆಲವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಗುರುತಿಸುತ್ತದೆ. ಬಾಗಿಲು ಎಲ್ಲಿದೆಯೆಂಬ ಪ್ರಶ್ನೆಗೆ ಇದರಿಂದ ಉತ್ತರ ಸಿಗಬಹುದು. ಬಾಗಿಲ ಬಳಿ ಯಾರಾದರೂ ಬಂದರೇ ಎಂಬ ಪ್ರಶ್ನೆಗೆ ಸಿಗದು. ಗಿರಾಕಿಯ ಮೊಬೈಲಿಗೆ ಬರುವ ಗುಪ್ತಸಂಖ್ಯೆಯನ್ನು ಕೇಳಿ ಪಡೆದೇ ವಸ್ತುವನ್ನು ಕೊಡುವ ಕ್ರಮ ಆ ದಿಕ್ಕಿನಲ್ಲಿ ಒಳ್ಳೆಯದು. ಆದರೆ ಕಟ್ಟು ಕೈಗೆ ಬರುವ ಮೊದಲೇ ಸಂಖ್ಯೆಯನ್ನು ಹೇಳಿಬಿಟ್ಟರೆ, ಬಾರದ ವಸ್ತುವಿಗೆ ರಸೀದಿ ಬರೆದುಕೊಟ್ಟಂತೆಯೇ.

ವಾಣಿಜ್ಯ ಪದವಿಯ ಮೊದಲ ವರ್ಷದ ವಿದ್ಯಾರ್ಥಿಯೂ ಓದುವ 1930ರ ಸರಕು ಮಾರಾಟ ಕಾಯ್ದೆಯ 39ನೆಯ ಕಲಮಿನಂತೆ, ಕೊಳ್ಳುವವನಿಗೆ ಕಳುಹಿಸಲೆಂದು ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಅದು ಕೊಳ್ಳುವವನಿಗೇ ಒಪ್ಪಿಸಿದಂತೆ. ಆ ನಿಯಮವನ್ನು ಮುಂದಿಟ್ಟುಕೊಂಡು ‘ಕಳುಹಿಸಿಯಾಯಿತು, ನಮ್ಮ ಹೊಣೆ ಮುಗಿಯಿತು’ ಎನ್ನುವ ಮಾರಾಟಗಾರರು ಈಗಲೂ ಇದ್ದಾರೆ. 2020ರ ಜುಲೈಯಲ್ಲಿ ಬಂದ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಆ ಮಾತಿಗೆ ಹೆಚ್ಚು ಎಡೆಯನ್ನು ಉಳಿಸಿಲ್ಲ. ಹೇಳಿದ ಅವಧಿಗಿಂತ ತಡವಾಗಿ ಬಂದ ವಸ್ತುವನ್ನು ಹಿಂದಕ್ಕೆ ಪಡೆಯಲು, ಹಣ ಮರಳಿಸಲು ಮಾರಾಟಗಾರನು ನಿರಾಕರಿಸುವಂತಿಲ್ಲ, ಅನಿವಾರ್ಯ ಆಪತ್ತಿನ ಸಂದರ್ಭ ಹೊರತು. ದೂರು ಬಂದ 48 ಗಂಟೆಗಳೊಳಗೆ ಅದು ಮುಟ್ಟಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೊಳ್ಳುವವನಿಗೆ ಹೀಗೆ ಒಂದು ಆಸರೆ ದೊರೆಯಿತು. 1915 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಆದರೆ ಸುಳ್ಳು ಷರಾದಿಂದ ಸೋತ ಸಣ್ಣ ಮಾರಾಟಗಾರನು ಕೊರಿಯರಿನ ಬಳಿಗೆ ಹೋದರೆ ಎದುರಾಗುವುದು ಅದೇ ಸಣ್ಣ ಅಕ್ಷರಗಳ ಷರತ್ತು. 1865ರ ಕಾಯ್ದೆಯ ಸ್ಥಾನದಲ್ಲಿ ರಸ್ತೆ ಸಾಗಣೆಗೆಂದು 2007ರ ಕಾಯ್ದೆ ಬಂದಿತು. ಅಂಚೆಗೆ 2023ರ ಹೊಸ ಕಾಯ್ದೆ ಬಂದು 2024ರ ಜೂನ್ 18ರಿಂದ ಜಾರಿಯಲ್ಲಿದೆ. ಅದರ 10ನೆಯ ಕಲಂ ಕೂಡ ನಿಯಮಗಳಲ್ಲಿ ವಿಧಿಸಿದಷ್ಟನ್ನು ಬಿಟ್ಟು ಅಂಚೆಗೆ ಹೊಣೆಯಿಲ್ಲವೆಂದೇ ಹೇಳುತ್ತದೆ.

ಈ ಮಧ್ಯೆ ಮನೆ ಮನೆಯಲ್ಲಿ, ಅಂಗಡಿಗಳಲ್ಲಿ, ಕ್ಯಾಲೆಂಡರು ಗ್ರಂಥಗಳನ್ನು ಅಂಚೆಯಲ್ಲಿ ಕಳುಹಿಸುವ ಟ್ರಸ್ಟುಗಳಲ್ಲಿ ನಡೆಯಬಹುದಾದ ಕೆಲಸ ಸ್ವಲ್ಪ ಇದೆ. ಬೆಲೆಯುಳ್ಳ ಕಟ್ಟಿಗೆ ಬೆಲೆಯನ್ನು ಮುಚ್ಚಿಡದೆ ಘೋಷಿಸಿ ವಿಮೆ ಮಾಡಿಸುವುದು. ರಸೀದಿಯ ಹಿಂಬದಿಯನ್ನು ಸಹಿಗೆ ಮುಂಚೆ ಓದುವುದು. ಮರಳಿ ಬಂದ ಕಟ್ಟಿನ ಷರಾವನ್ನು ಹಾಗೆಯೇ ನಂಬದೆ ಗಿರಾಕಿಗೆ ಒಂದು ಕರೆ ಮಾಡಿ ಅದೇ ದಿನ ಲಿಖಿತ ಆಕ್ಷೇಪ ಕೊಡುವುದು. ಕೊಳ್ಳುವವರ ಕಡೆಗೂ ಒಂದು ಮಾತಿದೆ. ಮೂರು ಅಳತೆಯ ಉಡುಪನ್ನು ತರಿಸಿ ಎರಡನ್ನು ಹಿಂದಿರುಗಿಸುವುದು, ಹಣ ಸಿದ್ಧವಿಲ್ಲದೆ ಬಾಗಿಲು ತೆರೆಯದಿರುವುದು ಕಾನೂನಿನಂತೆ ಅಪರಾಧವಲ್ಲದಿರಬಹುದು. ಅದರ ಬಾಡಿಗೆಯನ್ನು ತೆತ್ತವನ ಮುಖ ಕಾಣುವುದಿಲ್ಲವೆಂಬ ಒಂದೇ ಕಾರಣದಿಂದ ಅದು ಹಗುರವಾಗಿ ತೋರುತ್ತದೆ.

ಕೈಯಲ್ಲಿ ಹಣ ಪಡೆಯುವ ಕೋಟ್ಯಂತರ ಕಟ್ಟುಗಳು ಈಗ ಓಡಾಡುತ್ತಿವೆ. ‘ನಿಜವಾದ ಬೇಡಿಕೆಯಂತೆ ಕಳುಹಿಸುತ್ತಿದ್ದೇನೆ’ ಎಂದು ಕಳುಹಿಸುವವನಿಂದ ಬರೆಸಿಕೊಳ್ಳಲು ಅವಕಾಶ ಕೊಟ್ಟಿದ್ದ ನಿಬಂಧನೆ, 1898ರ ಕಾಯ್ದೆಯೊಂದಿಗೆ ರದ್ದಾಗಿ ಹೋಯಿತು.